ಇತರ ಉಪಚಾರ: ಇಲ್ಲ

ಯಲ್ಲವ್ವಜ್ಜೀ, ನಾನು ಸುಳ್ಳು ಬರೆದೆ. ಗಂಗಮ್ಮನ ಆಸ್ಪತ್ರೆ ಕಾಗದದಲ್ಲಿ ‘ಇತರ ಉಪಚಾರ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದವಳು ನಾನೇ — ನಿನ್ನ ಕುರಿಹಟ್ಟಿಯಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡ ಮೇಲೆ.

ಸಿಂಧನೂರಿನ ಆಸ್ಪತ್ರೆಯಲ್ಲಿ ನಾನು ಮನಶ್ಶಾಸ್ತ್ರಜ್ಞೆ. ಕೂಸು ತೀರಿಕೊಂಡ ಮೇಲೆ ಗಂಗಮ್ಮ ಮಾತು ಬಿಟ್ಟಿದ್ದಳು. ನಾಲ್ಕು ತಿಂಗಳು ಎದುರು ಕೂರಿಸಿಕೊಂಡು ಕೇಳಿದೆ, ಕೇಳಿದೆ — ಆಕೆ ನೆಲ ನೋಡುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಹುಡುಕಿಕೊಂಡು ಸಂತೆಕಲ್ಲೂರಿಗೆ ಬಂದರೆ ನಿನ್ನ ಹಟ್ಟಿಯಲ್ಲಿದ್ದಳು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯೊಂದನ್ನು ಒಗ್ಗಿಸಿ ಹಾಲು ಕುಡಿಸುವ ಕೆಲಸವನ್ನು ಆಕೆಗೆ ಕೊಟ್ಟಿದ್ದೆ ನೀನು. ಕುರಿ ಒದೆಯುತ್ತಿತ್ತು. ಗಂಗಮ್ಮ ಅದರ ಕುತ್ತಿಗೆ ತಬ್ಬಿ ಹಿಡಿದು ಗದರಿದಳು: “ನಿಂದ್ರು ಬೇ, ಕೂಸು ಹಸದೈತಿ.”

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು — ಹೌದು, ಹೊಟ್ಟೆಕಿಚ್ಚೇ.

ನೀನು ಚಹಾ ಕೊಟ್ಟು ಹೇಳಿದೆ: “ಮಾತಾಡು, ಮಾತಾಡು ಅನಬಾರದವ್ವ. ಕೈಗೊಂದು ಜೀವ ಕೊಡಬೇಕು. ನಮ್ಮವ್ವ ಹಿಂಗ ಮಾಡ್ತಿದ್ಲು, ಆಕಿ ಅವ್ವನೂ ಹಿಂಗ. ಇಂಥವರು ಮತ್ತ ಯಾರರ ಬಂದ್ರ ನನ್ನ ಕಡೆ ಕಳಸು.” ಕಳಿಸುತ್ತೇನೆ ಅಂದೆ.

ಆಗ ನನ್ನ ಸಂಶೋಧನಾ ಪ್ರಬಂಧ ನಡೆದಿತ್ತು. ಗಂಗಮ್ಮ ಮಾತಾಡಿದ್ದು ನನ್ನ ಸಮಾಲೋಚನೆಯಿಂದ ಎಂದು ಬರೆದೆ. ನಿನ್ನನ್ನು, ನಿನ್ನವ್ವನನ್ನು, ಆ ಕುರಿಯನ್ನು ಎಲ್ಲ ಒಂದೇ ಪದದಲ್ಲಿ ಅಳಿಸಿದೆ. ದೊಡ್ಡವರು ನಗುತ್ತಾರೆಂಬ ಅಂಜಿಕೆಯೂ ಇತ್ತು, ಆದರೆ — ಇಲ್ಲ, ಆಸೆಯೇ ಹೆಚ್ಚಿತ್ತು. ಪ್ರಬಂಧವನ್ನು ಹೊಗಳಿದರು. ಹೇಗೆ ಸಾಧಿಸಿದಿರಿ ಎಂದು ಕೇಳಿದವರಿಗೆ, ಮಾನಗೆಟ್ಟವಳು, ‘ತಾಳ್ಮೆ’ ಅಂದೆ.

ಅದಾಗಿ ಆರು ವರ್ಷ. ನಿನ್ನ ಕಡೆ ಒಬ್ಬರನ್ನೂ ಕಳಿಸಲಿಲ್ಲ. ಕಳಿಸಿದ್ದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಈಗ ಸಾಲಗುಂದದ ರೇಣುಕಾ — ಆಕೆಯ ಕೂಸೂ ಹೋಯಿತು — ಎಂಟು ತಿಂಗಳಿಂದ ನನ್ನ ಮುಂದೆ ನೆಲ ನೋಡುತ್ತ ಕೂತಿದ್ದಾಳೆ. ಎಂಟು ತಿಂಗಳು, ಅಜ್ಜಿ. ದಾರಿ ಗೊತ್ತಿದ್ದೂ ಸುಮ್ಮನಿದ್ದೆ.

ಪ್ರಬಂಧ ಅಚ್ಚು ಮಾಡಿದವರಿಗೆ ನಿನ್ನೆ ಪತ್ರ ಬರೆದೆ, ನಡೆದದ್ದನ್ನು ನಡೆದಂತೆ. ಅಷ್ಟರಿಂದ ನನ್ನ ತಪ್ಪೇನೂ ಹಗುರಾಗದು. ನಿನ್ನ ಹಟ್ಟಿಗೆ ಬರ್ತೀಯೇನು ಎಂದು ಕೇಳಿದಾಗ ರೇಣುಕಾ ಹೂಂ ಎನ್ನುವಂತೆ ತಲೆಯಾಡಿಸಿದಳು. ಸೋಮವಾರ ಇಬ್ಬರೂ ಮಸ್ಕಿ ಹಾದು ನಿನ್ನೂರಿಗೆ ಬರುತ್ತೇವೆ. ನಿನಗೆ ಓದು ಬಾರದು, ಈ ಕಾಗದವನ್ನು ನಾನೇ ನಿನಗೆ ಓದಿ ಹೇಳಬೇಕು. ಕೇಳಿದ ಮೇಲೆ ನನ್ನನ್ನು ಹಟ್ಟಿಯ ಹೊರಗೇ ನಿಲ್ಲಿಸು, ರೇಣುಕಾಳನ್ನು ಒಳಗೆ ಕರೆದುಕೋ.

ನನ್ನ ಮಾರಿ ನೋಡಬ್ಯಾಡ, ಅಜ್ಜಿ. ಆಕಿ ಮಾರಿ ನೋಡು.