ಕ್ಯಾಬಿನ್ ಸೀಟಿನ ಭಾರ

ಆ ಟೆಂಪೋ ನಮ್ಮ ಮನೆಗೆ ಬಂದಾಗ ಊರೆಲ್ಲ ಬಂದು ನೋಡಿ ಹೋಯಿತು. ಎಂಬತ್ತರ ದಶಕದ ನಡುವಿನ ಮಾತು. ಮಾವ ಎರಡು ಹಂಗಾಮು ದ್ರಾಕ್ಷಿ ಮಾರಿ ತಂದ ದೊಡ್ಡ ಗಾಡಿ. ಮೂತಿಗೆ ಹೂವಿನ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕೊಕಟನೂರಿನ ಎಲ್ಲವ್ವನಿಗೆ ಕಾಯಿ ಒಡೆಸಿಕೊಂಡು ಬಂದೆವು. ಅವತ್ತು ಒಂದು ದಿನ ನನಗೂ ಖುಷಿಯಾಗಿತ್ತು. ಮಾರನೆಯ ದಿನದಿಂದ ನನ್ನ ಹೊಟ್ಟೆಕಿಚ್ಚು ಶುರುವಾಯಿತು, ಮತ್ತು ಅದಕ್ಕೆ ಕಾರಣ ಆ ಗಾಡಿಯ ಕ್ಯಾಬಿನ್ನಿನಲ್ಲಿ ಡ್ರೈವರನ ಪಕ್ಕಕ್ಕಿದ್ದ ಸೀಟು.

ಡ್ರೈವರ್ ನನ್ನ ಗಂಡ. ಸೀಟಿನಲ್ಲಿ ಕೂರುತ್ತಿದ್ದವಳು ನನ್ನ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ. ನಾನು ಹಿಂದೆ.

ಯಾಕೆ ಹೀಗೆ ಅಂದರೆ ಆ ಮನೆಯ ರೀತಿಯೇ ಹಾಗಿತ್ತು. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವಂತಿಲ್ಲ. ಮಾವ ಕಟ್ಟೆಯ ಮೇಲೆ ಕೂತಿದ್ದರೆ ನಮ್ಮವರು ನನ್ನ ಕಡೆ ತಿರುಗಿ ನೀರು ಕೂಡ ಕೇಳುತ್ತಿರಲಿಲ್ಲ. “ಯಾರರ ಒಂದ ತಂಬಗಿ ನೀರ ಕೊಡ್ರಿ” ಅಂತ ಗೋಡೆಗೆ ಹೇಳುತ್ತಿದ್ದರು. ಗೋಡೆ ಅಂದರೆ ನಾನು. ರಾತ್ರಿಯಾದರೂ ಮಾತಾಡೋಣವೆಂದರೆ ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಗಂಡಸರೆಲ್ಲ ತೋಟ ಕಾಯಲು ಹೋಗಿ ಅಲ್ಲೇ ಮಲಗುತ್ತಿದ್ದರು. ಹೀಗಾಗಿ ಆ ಹಂಗಾಮಿಗಷ್ಟೇ ಮದುವೆಯಾಗಿ ಬಂದ ನನಗೆ ನನ್ನ ಗಂಡನ ದನಿ ಗೊತ್ತಿದ್ದದ್ದು ಅವರು ಎತ್ತಿಗೆ, ಆಳಿಗೆ, ಟೆಂಪೋಕ್ಕೆ ಬೈಯುವಾಗ. ಆದರೆ ಅಣ್ಣನ ಹೆಂಡತಿಯ ಜತೆ ಮೈದುನ ಎಷ್ಟು ಬೇಕಾದರೂ ಮಾತಾಡಬಹುದು. ಅವಳು ವೈನಿ, ತಾಯಿಯ ಜಾಗದಲ್ಲಿದ್ದವಳು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಹೊಸ ಸೊಸೆ ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತು ಊರ ನಡುವೆ ಹಾದುಹೋದರೆ ಮಾತ್ರ ಮಾವನ ಮರ್ಯಾದೆ ಹರಾಜು.

ನಮ್ಮ ಮನೆ ಕಾಗವಾಡದ ಹತ್ತಿರದ ಹಳ್ಳಿಯಲ್ಲಿ, ದೊಡ್ಡ ರಸ್ತೆಗೆ ಹತ್ತಿಕೊಂಡು. ತೋಟ ಮಾತ್ರ ದೂರ, ಕಲ್ಲುಗರಸಿನ ಮಡ್ಡಿ ನೆಲದಲ್ಲಿ. ಬೆಳಿಗ್ಗೆ ಖಾಲಿ ಟೆಂಪೋದಲ್ಲಿ ನಾವಿಬ್ಬರು ಸೊಸೆಯರು ತೋಟಕ್ಕೆ ಹೋಗುವುದು, ಹೆಣ್ಣಾಳುಗಳ ಜತೆ ಗೊನೆ ಕತ್ತರಿಸಿ ಬಾಕ್ಸಿಗೆ ತುಂಬುವುದು, ಬಿಸಿಲೇರುವ ಹೊತ್ತಿಗೆ ತುಂಬಿದ ಗಾಡಿಯಲ್ಲೇ ಬಂದು ಮನೆ ಮುಂದೆ ಇಳಿದು ಅಡುಗೆಗೆ ಹತ್ತುವುದು. ಗಾಡಿ ಅಲ್ಲಿಂದ ಮುಂದೆ ಅಥಣಿಗೋ, ಹೊಳೆ ದಾಟಿ ಹಾರೂಗೇರಿಗೋ, ನಿಪ್ಪಾಣಿಗೋ, ವ್ಯಾಪಾರಿ ಹೇಳಿದ ಕಡೆ ಹೋಗುತ್ತಿತ್ತು. ತುಂಬಿದ ಗಾಡಿಯಲ್ಲಿ ನನಗೆ ಸಿಗುತ್ತಿದ್ದದ್ದು ಹಿಂದಿನ ಹಲಗೆಯ ಹತ್ತಿರ ಒಂದು ಮೊಳ ಜಾಗ. ಖಾಲಿ ಗಾಡಿಯಲ್ಲಿ ಮಾತ್ರ ನಾನು ಮುಂದಕ್ಕೆ ಹೋಗಿ ಕ್ಯಾಬಿನ್ನಿಗೆ ಒರಗಿ ನಿಲ್ಲುತ್ತಿದ್ದೆ. ಅಲ್ಲೊಂದು ಗಾಜಿನ ಕಿಟಕಿ ಇತ್ತು.

ಆ ಕಿಟಕಿ ಇರದಿದ್ದರೆ ನಾನು ಸುಖವಾಗಿರುತ್ತಿದ್ದೆನೋ ಏನೋ. ಅದರಲ್ಲಿ ಎರಡು ತಲೆ ಕಾಣುತ್ತಿದ್ದವು. ನಮ್ಮವರು ಏನೋ ಕೇಳುವರು, ನೆಗೆಣ್ಣಿ ಕೈ ಆಡಿಸಿ ಏನೋ ಹೇಳುವಳು. ಎಂಜಿನ್ನಿನ ಗದ್ದಲದಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ನಗುವರು. ಆಗ ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅವರಿಬ್ಬರ ಮೇಲೆ ನನಗೆ ಅನುಮಾನವಿರಲಿಲ್ಲ. ಹಾಗೆ ಅನುಮಾನ ಪಡುವವರ ಬಾಯಲ್ಲಿ ಹುಳ ಬೀಳಲಿ. ನನ್ನ ಸಂಕಟ ಮಾತಿನದು. ನನ್ನ ಗಂಡನ ಮಾತು, ನನ್ನ ಪಾಲಿನದು, ಅದನ್ನು ಇನ್ನೊಬ್ಬಳು ದಿನಾ ಮೂಟೆಗಟ್ಟಲೆ ಇಳಿಸಿಕೊಂಡು ಹೋಗುತ್ತಿದ್ದಳು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಅವಳ ಮುಖದಲ್ಲಿ ಆ ನಗೆಯ ಚೂರು ಉಳಿದಿರುತ್ತಿತ್ತು. ನಾನು ಬಡಿದ ರೊಟ್ಟಿ ಆ ಸುಗ್ಗಿಯಲ್ಲಿ ಎಷ್ಟು ತೆಳ್ಳಗೆ ಎಂದು ಅತ್ತೆ ಹೊಗಳುತ್ತಿದ್ದರು. ಯಾರ ಮೇಲಿನ ಸಿಟ್ಟಿಗೆ ಎಂದು ಅವರಿಗೇನು ಗೊತ್ತು.

ಹೀಗಿರುವಾಗ ಒಂದು ದಿನ ಹಾರೂಗೇರಿಯ ದಾರಿಯಲ್ಲಿ ಗಾಡಿಯ ಪಾಟಾ ಮುರಿಯಿತು. ಪಾಟಾ ಅಂದರೆ ಗಾಲಿಯ ಮೇಲೆ ಒಂದರ ಮೇಲೊಂದು ಜೋಡಿಸಿರುವ ಉಕ್ಕಿನ ಪಟ್ಟಿಗಳು; ಗಾಡಿಯ ಭಾರವೆಲ್ಲ ಅವುಗಳ ಮೇಲೆ. ತಪ್ಪು ಮಾವನದು. ಅವರು ಜೀವಮಾನವೆಲ್ಲ ಚಕ್ಕಡಿ ಹೊಡೆದವರು. ಚಕ್ಕಡಿಯಲ್ಲಿ ಭಾರ ಮುಂದೆ ಬಿದ್ದರೆ ನೊಗ ಎತ್ತಿನ ಹೆಗಲಿಗೆ ಕಚ್ಚುತ್ತದೆ, ಅದಕ್ಕೆ ಹೇರನ್ನು ಒಂಚೂರು ಹಿಂದಕ್ಕೆ ಸರಿಸಿ ಕಟ್ಟುವುದು ಅವರ ರೂಢಿ. ಟೆಂಪೋ ತುಂಬಿಸುವಾಗಲೂ ತಾವೇ ನಿಂತು, “ಹಿಂದ ಒತ್ರಿ, ಹಿಂದ ಒತ್ರಿ, ಮುಂದ ಹಗರ ಇರ್ಲಿ” ಎಂದು ಬಾಕ್ಸುಗಳನ್ನೆಲ್ಲ ಬಾಲಕ್ಕೆ ಪೇರಿಸುತ್ತಿದ್ದರು. ಎಂಜಿನ್ನಿನ ಹೆಗಲು ನೋಯಬಾರದೆಂದು! ಜತೆಗೆ ಎಷ್ಟು ಹೇರಬೇಕೆಂಬುದಕ್ಕೂ ಲೆಕ್ಕವಿರಲಿಲ್ಲ. ಎತ್ತಾದರೆ ಸಾಕಾದಾಗ ಮೊಣಕಾಲೂರಿ ಕೂರುತ್ತದೆ, ಇದು ಕಬ್ಬಿಣ, ಇದಕ್ಕೇನು ದಣಿವು ಎಂಬುದು ಅವರ ವಾದ. ಮುಂದಿನ ಗಾಲಿ ನೆಲಕ್ಕೆ ಸರಿಯಾಗಿ ಊರದೆ ಸ್ಟೇರಿಂಗ್ ಕೈಗೆ ಸಿಗುತ್ತಿಲ್ಲವೆಂದು ನಮ್ಮವರು ಮೊದಲೇ ಅಂದಿದ್ದರು. ಮಗ ಅಂದ ಮಾತು ಯಾರು ಕೇಳಬೇಕು? ಕೊನೆಗೆ ಗಾಡಿ ರಸ್ತೆ ಬದಿಗೆ ಕುಂಡೆ ಊರಿ ಕೂತಿತು. ಬಿಸಿಲಿಗೆ ದ್ರಾಕ್ಷಿ ಬಾಡಿ, ವ್ಯಾಪಾರಿ ಮುಖ ತಿರುಗಿಸಿದ.

ರಿಪೇರಿ ಮಾಡಿಸಿಕೊಂಡು ಬಂದ ದಿನ ನಮ್ಮವರು ಮೊದಲ ಬಾರಿ ಅಪ್ಪನ ಎದುರಿಗೆ ದನಿ ಎತ್ತಿದರು.

“ಅಪ್ಪಾ, ಇದು ಚಕ್ಕಡಿ ಅಲ್ಲ. ಬಾಡೀ ಮ್ಯಾಲೆ ಬರದಾರ ನೋಡ್ರಿ, ಖಾಲಿ ಗಾಡಿ ತೂಕ ಎಷ್ಟ, ತುಂಬಿದ ಮ್ಯಾಲೆ ಎಷ್ಟ ಇರಬೇಕು ಅಂತ. ಇದರಾಗ ಅದನ್ನ ಕಳದ್ರ ಉಳೀತೈತೆಲ್ಲಾ, ಅಷ್ಟss ಹೇರಬೇಕು. ಅದೂ ಕ್ಯಾಬಿನ್ನಿನ ಕಡೆಯಿಂದ ಹಚ್ಚಿಗೋತ ಬರಬೇಕು. ಭಾರ ಮುಂದ ಇರಬೇಕು, ಹಿಂದ ಅಲ್ಲ.”

ಕಟ್ಟೆಯ ಆಚೆ ನಿಂತಿದ್ದ ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು, “ಭಾರ ಮುಂದ ಇರಬೇಕಂದ್ರ ನಾ ಇಲ್ಲದ ನಿನ್ನ ಗಾಡಿ ಹೋಗೂದಿಲ್ಲ ಬಿಡೋ” ಎಂದಳು. ಅವಳು ಮೈಕೈ ತುಂಬಿಕೊಂಡ ಹೆಣ್ಣು. ಮಾವನೂ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾನು ನಗಲಿಲ್ಲ. ಸೀಟು ಅವಳಿಗೆ ಇನ್ನಷ್ಟು ಗಟ್ಟಿಯಾಯಿತಲ್ಲ!

ಅವತ್ತಿನಿಂದ ನಮ್ಮವರು ಲೆಕ್ಕ ಬಿಟ್ಟು ಒಂದು ಬಾಕ್ಸೂ ಹೆಚ್ಚು ಹತ್ತಿಸಲಿಲ್ಲ. ಪಾಪ, ಅದರಿಂದ ಹೊಸ ತೊಂದರೆ ಹುಟ್ಟಿತು. ಕತ್ತರಿಸಿದ ಹಣ್ಣು ದಿನಾ ಒಂದಿಷ್ಟು ತೋಟದ ಗುಡಿಸಲಲ್ಲಿ ಉಳಿಯುತ್ತಿತ್ತು. ಎರಡನೇ ಸಲ ಬಂದು ಒಯ್ಯುವಷ್ಟರಲ್ಲಿ ಅದರ ಮೇಲಿನ ಬೂದಿ ಹೊಳಪು ಹೋಗಿ, ಪೇಟೆಯ ಹರಾಜಿನ ಸವಾಲು ಮುಗಿದಿರುತ್ತಿತ್ತು. ಮಾವ ಊಟಕ್ಕೆ ಕೂತರೆ ಅದೇ ಮಾತು: ಇನ್ನೊಂದು ಇಪ್ಪತ್ತು ಬಾಕ್ಸ್ ಹಿಡಿದಿದ್ದರೆ!

ನಾನು ಮ್ಯಾಟ್ರಿಕ್ ಪಾಸಾದವಳು, ಗಣಿತದಲ್ಲಿ ಗಟ್ಟಿ. ಗಾಡಿ ತೊಳೆಯಲು ನೀರು ಕೊಡುವ ನೆವದಲ್ಲಿ ಹೋಗಿ, ಬಾಡಿಯ ಬದಿಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅಂಕಿಗಳನ್ನು ಓದಿಕೊಂಡು ಬಂದೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಹೆಚ್ಚುಕಡಿಮೆ ಹನ್ನೆರಡು ಕ್ವಿಂಟಲ್ ಉಳಿಯುತ್ತಿತ್ತು. ಒಲೆಯ ಮುಂದೆ ಕೂತು ಯೋಚಿಸಿದೆ. ಖಾಲಿ ಗಾಡಿ ಅಂದರೆ ಖಾಲಿ ಗಾಡಿ, ಅದರಲ್ಲಿ ಮನುಷ್ಯರಿಲ್ಲ. ಹಾಗಾದರೆ ಹನ್ನೆರಡು ಕ್ವಿಂಟಲಿನಲ್ಲಿ ದ್ರಾಕ್ಷಿ ಮಾತ್ರವಲ್ಲ, ಡ್ರೈವರೂ ಬಂದ, ಮೇಲೆ ಹೊದಿಸುವ ತಾಡಪತ್ರಿ, ಕಟ್ಟುವ ಹಗ್ಗ ಬಂತು, ಡ್ರೈವರನ ಪಕ್ಕ ಮಜವಾಗಿ ಕೂತು ನಗುವವಳೂ ಬಂದಳು. ಇದು ಹೊಳೆದಾಗ ನನಗಾದ ಆನಂದ ಹೇಳತೀರದು. ನನ್ನ ಲೆಕ್ಕದ ಪ್ರಕಾರ ಮಾವ ಅವಳನ್ನು ಇಳಿಸುತ್ತಾರೆ. ಆಮೇಲೆ ಒಂದಲ್ಲ ಒಂದು ದಿನ, ಡ್ರೈವರ್ ಒಬ್ಬನೇ ಬೇಡ, ಯಾರಾದರೂ ಹಗುರಾದವರು ಜತೆಗಿರಲಿ ಅನ್ನುತ್ತಾರೆ. ಆ ಮನೆಯಲ್ಲಿ ನನ್ನಷ್ಟು ಹಗುರಾದವರು ಇನ್ಯಾರಿದ್ದರು?

ನಾನು ಅತ್ತೆಗೆ ಹೇಳಿದೆ. “ಅತ್ತಿ, ಕ್ಯಾಬಿನ್ನಿನಾಗ ಕುಂತ ಮಂದೀದೂ ತೂಕ ಹಿಡೀಬೇಕಾಗತೈತ್ರಿ. ಒಬ್ಬರು ಇಳದ್ರ ಅಷ್ಟ ಬಾಕ್ಸ್ ಹೆಚ್ಚಿಗಿ ಹೊಕ್ಕಾವ.” ನಾನು ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅತ್ತೆ ಅದನ್ನು ಮಾವನಿಗೆ ಬಡಿಸಿದರು, ಊಟದ ಜತೆಗೇ. ಮಾವ ಮಗನನ್ನು ಕೇಳಿದರು. ನಾನು ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತೆ.

ನಮ್ಮವರು ತುತ್ತು ಕೈಯಲ್ಲಿಟ್ಟುಕೊಂಡು ಯೋಚಿಸಿದರು. “ಖರೇನss ಐತ್ರಿ ಅಪ್ಪಾ. ನನಗ ಹೊಳದಿರಲಿಲ್ಲ. ವೈನಿದೂ ಹಿಡೀಬೇಕು, ಹಿಂದ ಕುಂತಾಕಿದೂ ಹಿಡೀಬೇಕು. ಅದರಾಗ ಹಿಂದಿನ ಹಲಗೀ ಮ್ಯಾಲಿನ ಭಾರ ಭಾಳ ಕೆಟ್ಟ. ಪಾಟಾಕ್ಕ ಅದss ತ್ರಾಸ.”

“ಹಂಗಾರ ಮೊದಲ ಹಿಂದಿನಾಕಿ ಇಳೀಲಿ” ಎಂದರು ಮಾವ. “ಆಮ್ಯಾಲೆ ಮುಂದಿನಾಕೀನೂ ಇಳೀಲಿ. ಹೆಣ್ಣಮಕ್ಕಳು ಟೆಂಪೋ ಹತ್ತೂದss ಬ್ಯಾಡ, ನಡಕೋತ ಬರಲಿ.”

ಬೆಳಿಗ್ಗೆ ಖಾಲಿ ಹೋಗುವ ಗಾಡಿಗೆ ನಾವೇನು ಭಾರ ಎಂದು ಕೇಳುವ ಧೈರ್ಯ ಯಾರಿಗಿತ್ತು? ಮಾರನೆಯ ದಿನ ತೋಟದಲ್ಲಿ ನಮ್ಮವರು ಪಕ್ಕದ ಸೀಟಿಗೆ ಹಳೇ ಕೌದಿ ಹಾಸಿ, ಅದರ ಮೇಲೆ ಬಾಕ್ಸುಗಳನ್ನು ಜೋಪಾನವಾಗಿ ಇಟ್ಟು, ಬಾಗಿಲು ಹಾಕಿಕೊಂಡು ಹೊರಟರು. ನನ್ನ ಗಂಡನ ಪಕ್ಕಕ್ಕೆ ದ್ರಾಕ್ಷಿ ಕೂತಿತು. ಧೂಳು ನಮ್ಮಿಬ್ಬರ ಮುಖಕ್ಕೂ ಸಮನಾಗಿ ಬಡಿಯಿತು.

ನಡೆದೆವು. ಮಡ್ಡಿಯ ದಾರಿ, ನೆತ್ತಿಯ ಮೇಲೆ ಬಿಸಿಲು. ನೆಗೆಣ್ಣಿ ಏದುಸಿರು ಬಿಡುತ್ತ ಹಿಂದೆ ಬೀಳುತ್ತಿದ್ದಳು. ನನಗೆ ಸೀಟು ಸಿಗಲಿಲ್ಲ ನಿಜ, ಆದರೆ ಅವಳಿಗೂ ಇಲ್ಲವಲ್ಲ ಎಂಬ ನೆಮ್ಮದಿಯಲ್ಲಿ ನಾನು ಪುಟಪುಟನೆ ಮುಂದೆ ನಡೆಯುತ್ತಿದ್ದೆ. ದಾರಿಯಲ್ಲೊಂದು ಬೇವಿನ ಗಿಡ ಇತ್ತು. ಅದರ ಬುಡದಲ್ಲಿ ಅವಳು ದೊಪ್ಪನೆ ಕೂತಳು. ಈಗ ಬೈಯುತ್ತಾಳೆ ಎಂದುಕೊಂಡೆ. ಲೆಕ್ಕ ಹೇಳಿಕೊಟ್ಟವಳು ಯಾರೆಂದು ಅವಳಿಗೆ ಗೊತ್ತಿರದೆ ಇರುತ್ತದೆಯೇ?

ಅವಳು ಬೈಯಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಇನ್ನ ನಿನ್ನ ಗಂಡಗ ಯಾರ ಹೇಳಬೇಕವಾ?” ಎಂದಳು.

“ಏನ ಹೇಳೂದ್ರಿ, ಅಕ್ಕಾರ?”

“ನಿಂದು. ಮತ್ತೇನ? ಗಾಡಿ ಹತ್ತಿದ ಕೂಡ್ಲೆ ಅದss ಕೇಳತಿದ್ದ. ವೈನಿ, ನಿನ್ನೆ ಆಕಿ ಉಂಡ್ಲೇನ್ರಿ? ವೈನಿ, ಆಕಿ ಮಾರಿ ಯಾಕ ಸಣ್ಣ ಆಗೈತ್ರಿ? ತವರಮನಿ ನೆನಸಿಕೊಂಡ ಅತ್ಲೇನ್ರಿ? ಹಸರ ಬಳಿ ಮನಸಿಗೆ ಬಂದಾವೇನ್ರಿ? ನನ್ನ ತಲಿ ತಿಂದ ಹಾಕ್ಯಾನ.”

ಹಸಿರು ಬಳೆಗಳನ್ನು ನೆಗೆಣ್ಣಿ, ತಾನೇ ಸಂತೆಯಿಂದ ತರಿಸಿದ್ದು ಅಂತ ಹೇಳಿ ನನಗೆ ಕೊಟ್ಟಿದ್ದಳು. ಅವಳದೇ ಎಂದುಕೊಂಡು ನಾನು ಅವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ.

“ಮತ್ತ ಇಬ್ಬರೂ ನಗತಿದ್ರೆಲ್ರಿ?” ಎಂದೆ.

“ನಗಲಾರದ ಏನ ಮಾಡೂದು? ನೀ ಹಿಂದಿನ ಕಿಡಕ್ಯಾಗ ಕಣ್ಣ ಕೆಕ್ಕರಿಸಿಕೊಂಡ ನಿಂದರತಿದ್ದಿ. ಅವಗ ಎದುರಿನ ಕನ್ನಡ್ಯಾಗ ಎಲ್ಲಾ ಕಾಣತಿತ್ತು. ನೋಡ್ರಿ ವೈನಿ, ಇವತ್ತೂ ಸಿಟ್ಟಾಗ್ಯಾಳ, ಸಿಟ್ಟಿನಾಗ ಛಂದ ಕಾಣತಾಳ ಅಂತಿದ್ದ. ಆ ಕನ್ನಡೀನ ದಾರಿ ನೋಡಾಕ ಇಟಗೊಂಡಿಯೋ, ಹೆಂತೀನ ನೋಡಾಕೋ ಅಂತ ನಾನೂ ಅಂತಿದ್ನಿ.”

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಅಂತ ಬರೆದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಅದು ಇನ್ನೂ ಜೋರಾಯಿತು. ಅವಳು ಕದ್ದಿದ್ದಾಳೆಂದುಕೊಂಡದ್ದು ಯಾವುದೋ ಹೊರಗಿನ ಮಾತು, ಪೇಟೆಯದು, ಮಾರ್ಕೆಟ್ಟಿನದು. ಈಗ ನೋಡಿದರೆ ಅಷ್ಟೂ ನನ್ನವೇ. ಒಂದು ಹೆಣ್ಣು ಗಂಡನ ಬಾಯಿಂದ ಏನೇನು ಕೇಳಬೇಕೆಂದು ಆಸೆಪಡುತ್ತಾಳೋ ಅದೆಲ್ಲ ಆ ಕ್ಯಾಬಿನ್ನಿನಲ್ಲಿ ಅವರ ಬಾಯಿಂದ ಬಂದು, ನೇರವಾಗಿ ಅವಳ ಕಿವಿಗೆ ಹೋಗಿತ್ತು. ಛಂದ ಕಾಣುತ್ತಾಳೆ ಅಂದದ್ದು ನನ್ನನ್ನು; ಕೇಳಿಸಿಕೊಂಡವಳು ಅವಳು. ಇನ್ನು ಮೇಲೆ ಅದೂ ಇಲ್ಲ. ಬಾಕ್ಸಿನ ಮುಂದೆ ಅವರು ಯಾರನ್ನು ಕೇಳಬೇಕು?

ನಾನು ಅವಳ ಪಕ್ಕ ಕೂತೆ. “ಮೊದಲಿಂದ ಹೇಳ್ರಿ, ಅಕ್ಕಾರ” ಎಂದೆ. “ಅವರು ಹೆಂಗ ಅಂದ್ರೋ ಹಂಗss ಹೇಳ್ರಿ.”

ಅವಳು ನಕ್ಕಳು, ಎದ್ದಳು, ನಡೆಯುತ್ತ ಹೇಳತೊಡಗಿದಳು. ಈ ಸಲ ನಾನು ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಿಧಾನವಾಗಿ ನಡೆದೆ. ಅವಳಿಗೆ ಒಂದೊಂದು ಮಾತೂ ನೆನಪಿತ್ತು, ಎಲ್ಲಿ ಅಂದದ್ದು, ಯಾವ ತಿರುವಿನಲ್ಲಿ, ಗೇರು ಬದಲಿಸುತ್ತ ಅಂದದ್ದೋ ಸುಮ್ಮನೆ ಅಂದದ್ದೋ. ನಮ್ಮವರ ದನಿಯನ್ನೂ ಹಾಗೆಯೇ ತೆಗೆದಳು. ಅವರು ಮೆತ್ತಗೆ ಮಾತಾಡಿದರೆ ಹೇಗಿರುತ್ತದೆಂದು ನಾನು ಮೊದಲ ಸಲ ಕೇಳಿದ್ದು ಹಾಗೆ, ನೆಗೆಣ್ಣಿಯ ಗಂಟಲಲ್ಲಿ. ಊರು ಹತ್ತಿರ ಬರುವವರೆಗೆ ಹೇಳಿಸಿದೆ. ಸಿಟ್ಟಿನಾಗ ಛಂದ ಕಾಣತಾಳ ಎಂಬುದನ್ನು ಮತ್ತೆ ಮತ್ತೆ ಹೇಳಿಸಿದೆ. ಅವಳು ಒಂದು ಸಲವೂ ತಪ್ಪದೆ ಅದೇ ದನಿಯಲ್ಲಿ ಹೇಳಿದಳು, ಅದಕ್ಕೂ ನನಗೆ ಹೊಟ್ಟೆ ಉರಿಯಿತು.