ಕೋಪನ್‌ಹೇಗನ್‌ನಲ್ಲಿ ಒಂದು ಕಾವಲು

ಫೋನಿನ ಮ್ಯಾಪ್ ನಂಬಿಕೊಂಡು ಕೋಪನ್‌ಹೇಗನ್ ಸುತ್ತಲು ಹೊರಟ ನಾವು ಎರಡನೆಯ ಬೀದಿಯಲ್ಲೇ ನಿಂತುಬಿಟ್ಟೆವು. ಕಾಫಿ ಅಂಗಡಿಯ ಹೊರಗೆ, ಆ ಚಳಿಯಲ್ಲಿ, ಮಕ್ಕಳ ತಳ್ಳುಗಾಡಿಯೊಳಗೆ ಒಂದು ಕೂಸು ಒಂಟಿಯಾಗಿ ಮಲಗಿತ್ತು.

"ರೀ, ಯಾರೋ ಬಿಟ್ಟು ಹೋಗಿದಾರೆ! ನಮ್ಮ ಕಾಪೆಲ್‌ನಲ್ಲಾಗಿದ್ರೆ ಇಷ್ಟೊತ್ತಿಗೆ ಪೊಲೀಸ್ರು ಬಂದಿರೋರು," ಎಂದಳು ಹೆಂಡತಿ ಸುಮಾ. ಟೆಕ್ಸಸ್‌ನ ಆ ನಮ್ಮೂರಿನಲ್ಲಿ ನಾವು ಮಗಳನ್ನು ಕಾರಿನಲ್ಲಿ ಒಂದು ನಿಮಿಷವೂ ಒಂಟಿಯಾಗಿ ಬಿಟ್ಟವರಲ್ಲ.

ಸುಮಾ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ರಸ್ತೆಯ ಕಡೆ ಮುಖ ಮಾಡಿ ಕಾವಲು ನಿಂತೆ. ಹಾದು ಹೋಗುವವರೆಲ್ಲ ನನಗೆ ಮಕ್ಕಳ ಕಳ್ಳರಂತೆಯೇ ಕಂಡರು.

ಕೊನೆಗೆ ಮುದುಕರೊಬ್ಬರು ನಿಂತು, ಇಲ್ಲಿ ಕೂಸುಗಳನ್ನು ಹೊರಗೇ ಮಲಗಿಸುವುದು ರೂಢಿ, ತಾಯಿ ಒಳಗಿರುತ್ತಾಳೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದರು. ತಿರುಗಿ ನೋಡಿದೆ. ಗಾಜಿನಾಚೆ ಒಬ್ಬಾಕೆ ಎದ್ದು ನಿಂತು, ಕಿವಿಗೆ ಫೋನ್ ಹಿಡಿದು, ಸುಮಾಳ ಕೈಯನ್ನೇ ನೋಡುತ್ತಿದ್ದಳು.