ಅವ್ವನ ಕಾಲಿನ ಸ್ಟೀಲ್ ಪಟ್ಟಿ

ಅವ್ವನ ತೊಡೆಯಿಂದ ತೆಗೆದ ಮುರುಕು ಪಟ್ಟಿಯನ್ನು ನನಗೆ ಕೊಡಲು ಆಸ್ಪತ್ರೆಯವರಿಗೆ ಮನಸ್ಸಿರಲಿಲ್ಲ. "ಕಸಕ್ಕ ಹೋಗೂದು ಅದು, ನಿಮಗ್ಯಾಕ ಬೇಕ್ರಿ?" ಎಂದಳು ನರ್ಸು. "ನಮ್ಮವ್ವನ ಕಾಲಾಗ ಇದ್ದದ್ದು ನಮ್ಮದು" ಎಂದು ನಾನು ಬಾಗಿಲಲ್ಲೇ ನಿಂತೆ. ಡ್ಯೂಟಿ ಬದಲಾಗುವ ಹೊತ್ತಾದರೂ ಕದಲಲಿಲ್ಲ. ಕೊನೆಗೆ ಬೇಸತ್ತು ಎರಡು ತುಂಡನ್ನೂ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಅವ್ವ ಅಕ್ಕಲಕೋಟೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ದಿನಾ ಬೆಳಿಗ್ಗೆ ನಮ್ಮೂರು ಕುಂಭಾರಿಯಿಂದ ಅವಳು ಆ ಕಡೆಯ ಬಸ್ಸು ಹತ್ತಿದರೆ ನಾನು ಸೋಲಾಪುರದ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಸೋಲಾಪುರದ ಆಸ್ಪತ್ರೆಯಲ್ಲಿ ಎಲುಬಿಗೆ ಸ್ಟೀಲ್ ಪಟ್ಟಿ ಕೂರಿಸಿ, ಮೂರು ತಿಂಗಳು ಕಾಲೂರಬಾರದು ಎಂದು ಹೇಳಿ ಕಳಿಸಿದರು. ಆ ಮೂರು ತಿಂಗಳು ಮುಗಿಯುವ ಮೊದಲೇ ಪಟ್ಟಿ ಎರಡು ತುಂಡಾಗಿತ್ತು.

ಡಾಕ್ಟರು ಕೇಸ್ ಪೇಪರಿನಲ್ಲಿ ರೋಗಿಯ ನಿರ್ಲಕ್ಷ್ಯ ಎಂದು ಬರೆದರು. "ಅಡ್ಡಾಡ್ಯಾರ, ಮುರದೈತಿ. ಇನ್ನೊಂದು ಹಾಕಿದ್ರೂ ಇದೇ ಹಣೆಬರಹ. ಈ ವಯಸ್ಸಿನ್ಯಾಗ ಇನ್ನ ಎಲ್ಲಿಗೆ ಹೋಗೂದೈತಿ? ಖಾಟಿನ ಮ್ಯಾಲೇ ಇರಲಿ ಬಿಡ್ರಿ" ಎಂದರು. ಅವ್ವ ಗೋಡೆ ನೋಡುತ್ತ ಸುಮ್ಮನೆ ಮಲಗಿದ್ದಳು. ಐವತ್ತೆಂಟು ವರ್ಷದ ಹೆಂಗಸನ್ನು ಒಂದೇ ಮಾತಿನಲ್ಲಿ ಜೀವನಪೂರ್ತಿ ಮಂಚಕ್ಕೆ ಕಟ್ಟಿಬಿಟ್ಟರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅವ್ವನ ಮೌನವೇ ಅವಳ ತಪ್ಪಿಲ್ಲ ಎನ್ನುವುದಕ್ಕೆ ಸಾಕ್ಷಿ ಎಂದುಕೊಂಡೆ.

ಡಾಕ್ಟರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಮುರಿದ ಲೋಹ ಯಾಕೆ ಮುರಿಯಿತು ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಲೋಹ, ಗಾಜು, ಪಿಂಗಾಣಿಗಳನ್ನು ಪರೀಕ್ಷಿಸುವ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಾನು ಟೆಕ್ನಿಷಿಯನ್. ಸಕ್ಕರೆ ಕಾರ್ಖಾನೆಯ ಹಲ್ಲುಚಕ್ರ, ಪವರ್‌ಲೂಮಿನ ಅಚ್ಚು ನನ್ನ ಮೇಜಿನ ಮೇಲೆ ಬಂದು ತಮ್ಮ ಕತೆ ಹೇಳಿಹೋಗಿವೆ.

ಪಟ್ಟಿಯನ್ನು ನಮ್ಮ ವಿಭಾಗದ ಮುಖ್ಯಸ್ಥರಾದ ಸಾಹೇಬರ ಮುಂದಿಟ್ಟು, ಇದನ್ನು ಪರೀಕ್ಷಿಸಬೇಕು ಎಂದೆ. ಅವರು ಸೋಲಾಪುರದ ಹಳೆಯ ವ್ಯಾಪಾರಿ ಮನೆತನದವರು. ಅಳೆದು ತೂಗಿ ಮಾತಾಡುವ ಜನ.

"ಸರ್ಕಾರಿ ಮಷೀನು ಮನಿ ಕೆಲಸಕ್ಕಲ್ಲವ್ವಾ."

"ಸರ್ಕಾರ ಅಂದ್ರ ಯಾರ್ರೀ ಸಾಹೇಬ್ರ? ನಮ್ಮವ್ವ ಬಸ್ಸಿನ ತಿಕೀಟಿನ್ಯಾಗ, ಸಾಬಾಣಿನ್ಯಾಗ ದಿನಾ ತೆರಿಗಿ ಕಟ್ಯಾಳ. ಈ ಮಷೀನಿನ ಒಂದು ಮೊಳಿ ಆದ್ರೂ ಆಕೀದು."

ನಮ್ಮಲ್ಲಿ ಸಾರ್ವಜನಿಕರು ಮಾದರಿ ಕೊಟ್ಟು ಪರೀಕ್ಷೆ ಕೇಳುವ ಅರ್ಜಿಯೊಂದಿದೆ. ಕಪಾಟಿನಲ್ಲಿ ಕಟ್ಟುಗಟ್ಟಲೆ ಬಿದ್ದಿದ್ದರೂ ಅದನ್ನು ತುಂಬಿಸಿದವರನ್ನು ನಾನಂತೂ ಕಂಡಿರಲಿಲ್ಲ. ಒಂದನ್ನು ಎಳೆದುಕೊಂಡು ಮನೆಗೆ ಹೋದೆ. ಉದ್ಯೋಗದ ಕಾಲಮ್ಮಿನಲ್ಲಿ ಗೃಹಿಣಿ ಎಂದು ಬರೆಯಹೊರಟಾಗ ಅವ್ವ ತಡೆದಳು. "ರೊಟ್ಟಿ ಬಡಿಯೂದು ಅಂತ ಬರಿ." ಹಾಗೇ ಬರೆದೆ. ಅವ್ವ ಸಹಿ ಮಾಡಿದಳು.

ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ ಠಸೆ ಒತ್ತಿದರು. "ಅವ್ವನ ಪಟ್ಟಿ ಮಗಳೊಬ್ಬಾಕೀನೇ ನೋಡಿದ್ರ ಯಾರೂ ನಂಬಂಗಿಲ್ಲ. ನಾನೂ ಕುಂದರ್ತೀನಿ" ಎಂದರು. ನ್ಯಾಯದ ಮಾತು, ಒಪ್ಪಿಕೊಂಡೆ.

ಮುರಿದ ಅಂಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊದಲು ಕಂಡದ್ದು ನನಗೆ ಬೇಕಾದದ್ದೇ. ಸ್ಕ್ರೂ ಕೂರುವ ತೂತಿನ ಅಂಚಿನಲ್ಲಿ, ಪಟ್ಟಿ ತಯಾರಾಗುವಾಗಲೇ ಉಳಿಯಿಂದಾದ ಆಳವಾದ ಗೀರು. ಬಿರುಕು ಹುಟ್ಟಿದ್ದು ಅಲ್ಲಿಂದಲೇ. "ಸಿಕ್ಕಿತು" ಎಂದು ಮೇಜು ಗುದ್ದಿದೆ. ಸಾಹೇಬರು ಪಟ್ಟಿಯನ್ನು ಸ್ವಲ್ಪ ಸರಿಸಿದರು. ಗೀರಿನಿಂದ ಆಚೆಗೆ ಸಣ್ಣ ಸಣ್ಣ ಗೆರೆಗಳು ಒಂದರ ಪಕ್ಕ ಒಂದು, ಹೊಳೆ ಇಳಿಯುತ್ತ ದಂಡೆಯ ಕೆಸರಿನಲ್ಲಿ ಬಿಟ್ಟ ಗುರುತಿನ ಹಾಗೆ ಸಾಲಾಗಿ ನಿಂತಿದ್ದವು.

ಆ ಗೆರೆಗಳನ್ನು ಓದಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದೇ ಪೆಟ್ಟಿಗೆ ಮುರಿದದ್ದಲ್ಲ ಅದು. ಭಾರ ಬಿದ್ದು, ಎದ್ದು, ಮತ್ತೆ ಬಿದ್ದು, ಸಾವಿರಾರು ಸಲ ಬಾಗಿದ ಲೋಹ. ಅವ್ವ ನಡೆದಿದ್ದಳು. ಡಾಕ್ಟರ ಮಾತು ಅಷ್ಟರಮಟ್ಟಿಗೆ ನಿಜವಾಗಿತ್ತು. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅವಳ ಮೌನವನ್ನು ನನಗೆ ಬೇಕಾದಂತೆ ಓದಿಕೊಂಡ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಗೀರಿನ ಚಿತ್ರವನ್ನಷ್ಟೇ ವರದಿಗೆ ಅಂಟಿಸಿ ಗೆರೆಗಳನ್ನು ಬಿಟ್ಟುಬಿಡೋಣ ಎಂಬ ಯೋಚನೆಯೂ ಬಂತು. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದೇ ತಲೆಯಲ್ಲಿತ್ತು.

ಗೆರೆಗಳ ಚಿತ್ರವನ್ನು ಅವ್ವನ ಕೈಗೆ ಕೊಟ್ಟು ವಿಷಯ ಹೇಳಿದೆ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ಇವೆಲ್ಲಾ ನಾ ನಡದದ್ದ ಏನ?"

"ಹೂಂ."

"ನೀ ಡ್ಯೂಟಿಗೆ ಹೋದಮ್ಯಾಲ ಗ್ವಾಡಿ ಹಿಡಕೊಂಡು ಒಲಿತನಕ ಹೋಗ್ತಿದ್ದೆ. ಆಮ್ಯಾಲ ಬಾಗಲತನಕ. ಕಡೀಕ ಬಸ್ಸು ನಿಲ್ಲೂ ಫಾಟಾತನಕನೂ ಹೋಗಿ ಅಕ್ಕಲಕೋಟಿ ಬಸ್ಸು ನೋಡಿ ಬಂದೀನಿ."

"ಮತ್ತ ಡಾಕ್ಟರ್ ಕೇಳಿದಾಗ ಯಾಕ ಹೇಳ್ಲಿಲ್ಲವ್ವಾ?"

"ಅವ ಕೇಳಲಿಲ್ಲ. ಬೈದ."

ಗೆರೆಗಳನ್ನು ಬಿಟ್ಟು ಬರೆದರೆ ಹೇಗೆ ಎಂದೆ. ಅವ್ವ ನನ್ನನ್ನು ನೋಡಿದ ರೀತಿಗೆ ಈಗಲೂ ನಾಚಿಕೆಯಾಗುತ್ತದೆ. "ನಾ ನಡದದ್ದು ಕದ್ದು ಇಡೂವಂಥಾ ಕೆಲಸ ಏನಲ್ಲ. ಎಲ್ಲಾ ಬರಿ" ಎಂದಳು.

ಎಲ್ಲವನ್ನೂ ಬರೆದೆ. ಪಟ್ಟಿಯಲ್ಲಿ ಗೀರಿತ್ತು, ರೋಗಿ ನಡೆದಿದ್ದಾಳೆ, ಗೀರಿಲ್ಲದಿದ್ದರೆ ಅಷ್ಟು ನಡಿಗೆಯನ್ನು ಪಟ್ಟಿ ತಡೆಯಬಹುದಿತ್ತು. ಸಾಹೇಬರು ಒಂದಕ್ಷರ ಬದಲಿಸದೆ ಸಹಿ ಹಾಕಿದರು. ಬಾಡಿಗೆ ಗಾಡಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರು ವರದಿಯ ನಡುವಿನ ಸಾಲಿನ ಮೇಲೆ ಬೆರಳಿಟ್ಟು ನಕ್ಕರು. "ನಡದಾರಂತ ನೀವೇ ಬರದೀರಲ್ರಿ. ನಾ ಹೇಳಿದ್ದೂ ಅದೇ. ಮತ್ತೊಂದು ಹಾಕಿದ್ರ ಮತ್ತ ನಡೀತಾರ."

ನಾನು ಬಾಯಿ ತೆರೆಯುವ ಮೊದಲೇ ಸ್ಟ್ರೆಚರಿನ ಮೇಲಿಂದ ಅವ್ವ ಮಾತಾಡಿದಳು.

"ಹೌದ್ರಿ, ನಾ ನಡಿಯಾಕೀನ. ಮಲಕೊಂಡಿರಾಕ ಪಟ್ಟಿ ಯಾಕ ಬೇಕು? ಗೀರಿಲ್ಲದ್ದು ನೋಡಿ ಹಾಕ್ರಿ."

ಡಾಕ್ಟರ ಬೆರಳು ಆ ಸಾಲಿನಿಂದ ನಿಧಾನವಾಗಿ ಕೆಳಗಿಳಿದು, ಗೀರಿಲ್ಲದಿದ್ದರೆ ಎಂದು ಶುರುವಾಗುವ ಮುಂದಿನ ಸಾಲಿಗೆ ಬಂತು. ಅದನ್ನು ಓದಿ, ಕ್ಯಾಲೆಂಡರ್ ಎಳೆದುಕೊಂಡು ಆಪರೇಷನ್ನಿಗೆ ದಿನ ಹುಡುಕತೊಡಗಿದರು.